ಬೇಡದ ಸಾಮಾನಿನ ಕೋಟೆ

ಬಹಳ ಬಹಳ ಹಿಂದೆ, ನಿಮ್ಮ ಅಜ್ಜಿಯ ಅಜ್ಜಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಕಂಚಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ನದಿಯ ಮೀನುಗಳು ಮಾತಾಡುತ್ತಿದ್ದವು, ಮೋಡಗಳು ಹೇಳಿದ ಕಡೆ ಹೋಗಿ ಮಳೆ ಸುರಿಸುತ್ತಿದ್ದವು. ಅದೆಲ್ಲ ಅಲ್ಲಿನವರಿಗೆ ದಿನನಿತ್ಯದ ಮಾತು, ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅವರಿಗೆ ನಿಜವಾಗಿ ಹುಚ್ಚು ಹಿಡಿಸುತ್ತಿದ್ದದ್ದು ಅಂಗಳಸಂತೆ.

ಅಂಗಳಸಂತೆ ಅಂದರೆ ಹೀಗೆ. ಮನೆಯ ಹಿರಿಯರು ತೀರಿಕೊಂಡು, ಸೂತಕ ಕಳೆದು, ಮಕ್ಕಳು ಮೊಮ್ಮಕ್ಕಳು ತಮಗೆ ಬೇಕಾದ್ದನ್ನು ಎತ್ತಿಟ್ಟುಕೊಂಡ ಮೇಲೆ, ಉಳಿದ ಸಾಮಾನನ್ನೆಲ್ಲ ಅಂಗಳದಲ್ಲಿ ಚಾಪೆ ಹಾಸಿ ಜೋಡಿಸುತ್ತಿದ್ದರು. ಜನ ಬಂದು, ಆರಿಸಿ, ಚೌಕಾಸಿ ಮಾಡಿ ಒಯ್ಯುತ್ತಿದ್ದರು. ಹೋದವರ ಕೈ ಸವೆಸಿದ ವಸ್ತು ಇನ್ನೊಂದು ಮನೆಯಲ್ಲಿ ಬಾಳಲಿ ಅನ್ನುವುದು ಅಲ್ಲಿನ ಪದ್ಧತಿ.

ಈ ಸಂತೆಗಳಲ್ಲಿ ಮಾಚಣ್ಣನನ್ನು ಮೀರಿಸುವವರಿರಲಿಲ್ಲ. ಕಂಚಿನ ಬಟ್ಟಲನ್ನು ಬೆರಳಿನಿಂದ ಚಿಮ್ಮಿ, ಅದರ ನಾದ ಕೇಳಿಯೇ ಎಲ್ಲಿ ಬಿರುಕಿದೆ ಅಂತ ಹೇಳುತ್ತಿದ್ದ. ಹತ್ತು ಮಾರು ದೂರದಿಂದ ನೋಡಿ ಇದು ಬೀಟೆ ಮರದ್ದು, ಇದು ಹಲಸಿನದ್ದು ಅನ್ನುತ್ತಿದ್ದ. ಅವನ ಹೆಂಡತಿ ಹೊನ್ನಾಜಿ ಅವನಿಗಿಂತ ಒಂದು ಕೈ ಮೇಲು. ಮುರುಕು ಪೆಟ್ಟಿಗೆಗಳ ರಾಶಿಗೆ ಕೈ ಹಾಕಿದಳೆಂದರೆ ದಂತದ ಬಾಚಣಿಗೆಯನ್ನೋ ಬೆಳ್ಳಿಯ ಸುಣ್ಣದ ಡಬ್ಬಿಯನ್ನೋ ಎಳೆದೇ ತೀರುತ್ತಿದ್ದಳು. ಇಬ್ಬರೂ ಬುತ್ತಿ ಕಟ್ಟಿಕೊಂಡು ಊರೂರು ತಿರುಗಿ, ಗಂಟು ಹೊತ್ತುಕೊಂಡು, ದಾರಿಯುದ್ದಕ್ಕೂ ಜಗಳವಾಡುತ್ತ ಮನೆಗೆ ಬರುತ್ತಿದ್ದರು. ಎಂಥ ಚಂದದ ಜಗಳ ಅಂತೀರಿ!

ಮಾಚಣ್ಣನ ಕಸುಬಿಗೆ ಒಂದು ನಿಯಮವಿತ್ತು. ಬೇಕಾದ ವಸ್ತುವನ್ನು ಹೊಗಳಬಾರದು. ಹೊಗಳಿದರೆ ಬೆಲೆ ಏರುತ್ತದೆ, ಪಕ್ಕದವನ ಕಣ್ಣು ಬೀಳುತ್ತದೆ. ಆಸೆಯಿಂದ ಎದೆ ಡವಡವ ಅನ್ನುತ್ತಿದ್ದರೂ ಮೂಗು ಮುರಿದು, "ಅಯ್ಯೋ, ಇದಾ? ತಳ ಸವೆದಿದೆ, ಬಾಯಿ ಸೊಟ್ಟ, ಯಾರಿಗೆ ಬೇಕು?" ಅನ್ನಬೇಕು. ಇಪ್ಪತ್ತು ವರ್ಷ ಅಂದೂ ಅಂದೂ ಆ ಮಾತು ಅವನ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಹೊನ್ನಾಜಿ ಹೊಸ ಸೀರೆ ಉಟ್ಟರೆ "ಅಂಚು ವಾರೆ" ಅಂದಾನೇ ಹೊರತು ಚೆನ್ನಾಗಿದೆ ಅನ್ನ. ಅವಳೆಂದರೆ ಪ್ರಾಣ ಬಿಡುತ್ತಿದ್ದ. ಆದರೆ ಅದು ಬಾಯಲ್ಲಿ ಬರಬೇಕಲ್ಲ!

ಒಂದು ದಿನ ಬೆಳಿಗ್ಗೆ, ತೀರಿಕೊಂಡ ವೈದ್ಯ ಪದುಮಯ್ಯನ ಅಂಗಳದಲ್ಲಿ ಸಂತೆ ನಡೆದಿತ್ತು. ಅಲ್ಲಿಗೆ ಹೊಗೆಮೀಸೆ ಅನ್ನುವ ಮಾಂತ್ರಿಕ ಬಂದ. ಅವನ ಮೀಸೆ ಹೊಗೆಯದೇ. ಗಾಳಿ ಬೀಸಿದ ಕಡೆ ವಾಲುತ್ತಿತ್ತು. ತನ್ನದನ್ನೋ ತನ್ನವರನ್ನೋ ಯಾರಾದರೂ ಬಾಯಿಬಿಟ್ಟು "ಯಾರಿಗೂ ಬೇಡ" ಅಂದರೆ ಸಾಕು, ಅದು ಅವನ ಪಾಲಾಗಬೇಕು ಅಂತ ಪಾತಾಳದ ರಾಣಿ ಅವನಿಗೆ ವರ ಕೊಟ್ಟಿದ್ದಳು. ಪಾಪ, ಊರಿನವರಿಗೆ ಇದು ಗೊತ್ತಿರಲಿಲ್ಲ.

ಹೊಗೆಮೀಸೆ ಚಾಪೆಯ ಮೇಲಿದ್ದ ಸಾಮಾನನ್ನೆಲ್ಲ ದಾಟಿ ಬಂದು ಹೊನ್ನಾಜಿಯ ಮುಂದೆ ನಿಂತ. "ಈಯಮ್ಮ ಯಾರು? ಎಂಥ ಚುರುಕು ಕಣ್ಣು! ಬಲು ಬೆಲೆ ಬಾಳುವ ಹೆಂಗಸು" ಅಂದ.

ಯಾರದೋ ಕಣ್ಣು ಬಿತ್ತು, ಹೀಗಳೆದು ಆ ಕಣ್ಣು ತಪ್ಪಿಸಬೇಕು ಅನ್ನುವುದೊಂದೇ ಮಾಚಣ್ಣನಿಗೆ ತೋಚಿದ್ದು. "ಇವಳಾ? ಬಿಡಿ ಸ್ವಾಮಿ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಯಾರಿಗೂ ಬೇಡ!" ಅಂದುಬಿಟ್ಟ.

"ರೀ!" ಅಂದಳು ಹೊನ್ನಾಜಿ. ಅಷ್ಟೇ. ಹೊಗೆ ಸುತ್ತಿಕೊಂಡಿತು. ಹೊಗೆ ಚದುರಿದಾಗ ಅವಳಿರಲಿಲ್ಲ.

"ಬೇಡದ್ದೆಲ್ಲ ನನ್ನದು" ಅಂತ ಹೊಗೆಮೀಸೆ ನಕ್ಕ. "ಬೆಟ್ಟದ ಮೇಲಿನ ನನ್ನ ಕೋಟೆಗೆ ಬಾ. ಸಾಮಾನಿನ ನಡುವೆ ಅವಳೂ ಒಂದು ಸಾಮಾನಾಗಿರುತ್ತಾಳೆ. ಮೂರು ಸಲ ಆರಿಸಿಕೋ. ಮೂರೂ ತಪ್ಪಿದರೆ ನೀನೂ ಅಲ್ಲೇ ಬಿದ್ದಿರು."

ಮಾಚಣ್ಣ ತನ್ನ ಬಾಯಿಗೆ ತಾನೇ ಪಟಪಟ ಹೊಡೆದುಕೊಂಡ. "ಹಾಳು ನಾಲಿಗೆ! ಹಾಳು ನಾಲಿಗೆ!" ಅನ್ನುತ್ತ ಬೆಟ್ಟ ಹತ್ತಿದ.

ಕೋಟೆಯೊಳಗೆ ಒಂದರ ಹಿಂದೊಂದು ಮೂರು ತೊಟ್ಟಿಯಂಗಳ. ಮೊದಲನೆಯ ತೊಟ್ಟಿಯ ತುಂಬ ಕಂಚು, ಹಿತ್ತಾಳೆ, ತಾಮ್ರ. ಕಾವಲಿಗೆ ಒಂದು ಕಂಚಿನ ಕರಡಿ. ಮಾಚಣ್ಣ ಒಂದೊಂದನ್ನೇ ಚಿಮ್ಮಿ ಕಿವಿಗೊಟ್ಟ. ಕಾಲಿಗೆ ಏನೋ ತೊಡರಿತು. ನೋಡಿದರೆ ಹಳೇ ಮರದ ಸೌಟು. ಪಕ್ಕಕ್ಕೆ ತಳ್ಳಿದ. ಕೊನೆಗೆ ಒಂದು ಗಿಂಡಿ ಥೇಟು ಹೊನ್ನಾಜಿಯ ನಗುವಿನ ಹಾಗೆ ಕಿಣಿಕಿಣಿ ಅಂದಿತು. ಅದನ್ನು ಎತ್ತಿಕೊಂಡ.

"ಅದು ನಿನಗೆ ಬೇಕೋ?" ಕರಡಿ ಕೇಳಿತು.

"ಬೇಕು ಅಂತೇನಿಲ್ಲ... ಕಂಠ ಸ್ವಲ್ಪ ಸೊಟ್ಟ" ಅಂದ ಮಾಚಣ್ಣ. ಅಯ್ಯೋ ದೇವರೇ, ಈಗಲೂ!

"ತಪ್ಪು. ನಿನ್ನ ಕಿವಿಯ ಜಾಣತನ ಇಲ್ಲಿಡು" ಅಂತ ಕರಡಿ ಪಂಜ ಚಾಚಿತು. ಅಲ್ಲಿಂದ ಮುಂದೆ ಮಾಚಣ್ಣನಿಗೆ ಕಂಚಿನ ಸದ್ದೂ ಮಡಕೆಯ ಸದ್ದೂ ಒಂದೇ ಆಗಿಹೋಯಿತು.

ಎರಡನೆಯ ತೊಟ್ಟಿಯ ತುಂಬ ಮರ, ದಂತ, ರೇಷ್ಮೆ. ಕಾವಲಿಗೆ ಒಂದು ಮರದ ಮೊಸಳೆ. ಮಾಚಣ್ಣ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಕಾಲಿಗೆ ಮತ್ತೆ ಏನೋ ತೊಡರಿತು. ಮತ್ತೆ ಅದೇ ಸೌಟು! "ಥೂ, ಇದೊಂದು!" ಅಂತ ಮತ್ತೆ ತಳ್ಳಿದ. ಕೊನೆಗೆ ದಂತದ ಹೂವು ಕೂರಿಸಿದ ಒಂದು ಕುಂಕುಮದ ಭರಣಿ ಕಣ್ಣಿಗೆ ಬಿತ್ತು. ಇಡೀ ತೊಟ್ಟಿಯಲ್ಲಿ ಅಷ್ಟು ಚಂದದ್ದು ಇನ್ನೊಂದಿರಲಿಲ್ಲ. ಇದೇ ನನ್ನ ಹೊನ್ನಾಜಿ ಅಂದುಕೊಂಡ.

"ಅದು ನಿನಗೆ ಬೇಕೋ?" ಮೊಸಳೆ ಕೇಳಿತು.

"ಬೇಕು ಅಂತೇನಿಲ್ಲ... ಮುಚ್ಚಳ ಸಡಿಲ" ಅಂದ ಮಾಚಣ್ಣ.

"ತಪ್ಪು. ನಿನ್ನ ಕಣ್ಣಿನ ಬೆಳಕು ಇಲ್ಲಿಡು" ಅಂತ ಮೊಸಳೆ ಬಾಯಿ ತೆರೆಯಿತು. ಮಾಚಣ್ಣನಿಗೆ ಲೋಕವೇ ಕತ್ತಲಾಯಿತು.

ಮೂರನೆಯ ತೊಟ್ಟಿಗೆ ಅವನು ಗೋಡೆ ಸವರಿಕೊಂಡು ಬಂದ. ಅಲ್ಲಿ ಕಾವಲಿಗೆ ಹೊಗೆಮೀಸೆಯೇ ಕೂತಿದ್ದ. "ಬಾರಯ್ಯ ಜಾಣ. ಚಿಮ್ಮಿ ನೋಡ್ತೀಯಾ? ಬೆಳಕಿಗೆ ಹಿಡಿದು ನೋಡ್ತೀಯಾ?" ಅಂತ ಕಿಚಾಯಿಸಿದ.

ಮಾಚಣ್ಣ ನೆಲಕ್ಕೆ ಕುಸಿದ. ಇಪ್ಪತ್ತು ವರ್ಷದ ವಿದ್ಯೆಯೆಲ್ಲ ಹೋಗಿತ್ತು. ಉಳಿದದ್ದು ಆ ನಾಲಿಗೆ ಒಂದೇ. ಅವನಿಗೆ ಅಳು ಒತ್ತರಿಸಿ ಬಂತು. ಯಾರು ಕೇಳಿದರೇನು, ಯಾರ ಕಣ್ಣು ಬಿದ್ದರೇನು ಅಂತ ಜೋರಾಗಿ ಹೇಳತೊಡಗಿದ.

"ಹೊನ್ನಾಜೀ, ಎಲ್ಲಿದ್ದೀಯೇ? ನನಗೆ ನೀನು ಬೇಕು ಕಣೇ. ನಿನ್ನಂಥ ಜಾಣೆಯನ್ನ ನಾನು ಏಳೂರಲ್ಲಿ ನೋಡಿಲ್ಲ. ನೀನು ಮುರುಕು ಪೆಟ್ಟಿಗೆಗೆ ಕೈ ಹಾಕಿದಾಗ ನಾನು ಪೆಟ್ಟಿಗೆ ನೋಡಲ್ಲ, ನಿನ್ನ ಮುಖ ನೋಡ್ತೀನಿ. ಏನಾದರೂ ಸಿಕ್ಕಿದಾಗ ನಿನ್ನ ಹುಬ್ಬು ಮೇಲಕ್ಕೆ ಹೋಗುತ್ತಲ್ಲ, ಅದನ್ನ ನೋಡೋಕೇ ನಾನು ಸಂತೆಗೆ ಬರೋದು. ಸೀರೆ ಅಂಚು ಯಾವತ್ತೂ ವಾರೆ ಇರಲಿಲ್ಲ. ನೀನಿಲ್ಲದೆ ಮನೆಗೆ ಹೋಗಿ ನಾನೇನು ಮಾಡಲಿ?"

ಟಕ್ ಅಂತ ಏನೋ ಬಂದು ಅವನ ಮಂಡಿಗೆ ಬಡಿಯಿತು. ಕೈಯಾಡಿಸಿದ. ಮರದ ಸೌಟು. ಇಷ್ಟು ಹೊತ್ತೂ ತೊಟ್ಟಿಯಿಂದ ತೊಟ್ಟಿಗೆ ಉರುಳಿಕೊಂಡು ತನ್ನ ಹಿಂದೆಯೇ ಬರುತ್ತಿದ್ದದ್ದು ಯಾರು ಅಂತ ಆಗ ಅವನಿಗೆ ಹೊಳೆಯಿತು. ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡ.

ಹೊಗೆಮೀಸೆ ಗಾಬರಿಬಿದ್ದ. ಆದರೂ ಮೂಗು ಮುರಿದ. "ಅಯ್ಯೋ, ಅದಾ? ತುದಿ ಸೀದಿದೆ, ಹಿಡಿ ಸವೆದಿದೆ. ನಾಳೆ ಇನ್ನಷ್ಟು ಹಳತಾಗುತ್ತೆ. ಯಾರಿಗೆ ಬೇಕು?"

"ನನಗೆ ಬೇಕು!" ಅಂದ ಮಾಚಣ್ಣ. "ಹಳತಾದದ್ದನ್ನೇ ಹುಡುಕಿಕೊಂಡು ಬದುಕಿದವನು ನಾನು. ನನ್ನ ಮುಂದೆ ಆ ಮಾತು ಆಡಬೇಡ. ಇವಳು ನನಗೆ ಬೇಕು, ಬೇಕು, ಬೇಕು!"

ಮೂರು ಸಲ ಬೇಕು ಅಂದದ್ದೇ ತಡ, ಸೌಟು ಹೋಗಿ ಹೊನ್ನಾಜಿಯಾಯಿತು. ಅವಳು ಮೊದಲು ಮಾಡಿದ್ದೇನು ಗೊತ್ತೇ? ಗಂಡನ ಭುಜಕ್ಕೊಂದು ಗುದ್ದಿದಳು. "ಎರಡು ಸಲ ಕಾಲಲ್ಲಿ ತಳ್ಳಿದ್ರಲ್ರೀ ನನ್ನ!" ಅಂದಳು. ಆಮೇಲೆ ಸೆರಗಿನಿಂದ ಅವನ ಕಣ್ಣೀರು ಒರೆಸಿದಳು. ಒರೆಸಿದ ಕೂಡಲೇ ಕಣ್ಣಿಗೆ ಬೆಳಕು ಬಂತು, ಕಿವಿಗೆ ಜಾಣತನ ಬಂತು. ಮಸಿ ಮೆತ್ತಿದ ಅವಳ ಮುಖ ಕಂಡು ಮಾಚಣ್ಣನಿಗೆ ಮತ್ತೆ ಅಳು ಬಂತು, ಅಳುತ್ತಲೇ ನಕ್ಕ.

ಹೊನ್ನಾಜಿ ಸುಮ್ಮನಿರುವವಳೇ? ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೂರೂ ತೊಟ್ಟಿ ಸುತ್ತಿ, ಒಂದೊಂದನ್ನೂ ಮುಟ್ಟಿ, "ಇದು ಬೇಕು, ಇದೂ ಬೇಕು" ಅನ್ನುತ್ತ ಹೋದಳು. ಮುಟ್ಟಿದ ಗಿಂಡಿ ಅತ್ತೆಯಿಂದ ಬೈಸಿಕೊಂಡ ಸೊಸೆಯಾಯಿತು, ಭರಣಿ ಮಕ್ಕಳು ದೂರ ಮಾಡಿದ ಮುದುಕಿಯಾಯಿತು. ಕಂಚಿನ ಕರಡಿ, ಮರದ ಮೊಸಳೆ ಇಬ್ಬರು ಅಣ್ಣತಮ್ಮಂದಿರಾಗಿ ಎದ್ದು ನಿಂತು ಮೈ ಮುರಿದರು. ಒಬ್ಬೊಬ್ಬರು ಎದ್ದಂತೆಲ್ಲ ಮಾಂತ್ರಿಕನ ಮೀಸೆಯ ಒಂದೊಂದು ಎಳೆ ಕರಗಿತು. ಕೊನೆಯವರು ಏಳುವ ಹೊತ್ತಿಗೆ ಅವನಿದ್ದ ಜಾಗದಲ್ಲಿ ತುಕ್ಕು ಹಿಡಿದ ಒಂದು ಮುಚ್ಚಳ ಬಿದ್ದಿತ್ತು.

"ಇದು ಯಾರಿಗಾದರೂ ಬೇಕೇನ್ರಪ್ಪಾ?" ಹೊನ್ನಾಜಿ ಕೇಳಿದಳು. ಎಲ್ಲರೂ ಮೂಗು ಮುರಿದರು. ಭರಣಿಯಿಂದೆದ್ದ ಮುದುಕಿ ಮಾತ್ರ ಬಗ್ಗಿ ಎತ್ತಿಕೊಂಡಳು. "ಬೇಕು ಅಂತೇನಿಲ್ಲಮ್ಮ, ನಮ್ಮ ಅನ್ನದ ಪಾತ್ರೆಗೆ ಮುಚ್ಚಳ ಇರಲಿಲ್ಲ" ಅಂದಳು. ದಿನಾ ಒಲೆಯ ಮೇಲೆ ಕೂತು ಬುಸುಗುಟ್ಟುವುದೇ ಅವತ್ತಿನಿಂದ ಹೊಗೆಮೀಸೆಯ ಪಾಡಾಯಿತು.

ಎಲ್ಲರೂ ಬೆಟ್ಟ ಇಳಿದರು. ಸೊಸೆಯನ್ನು ಅತ್ತೆ ಕೈಹಿಡಿದು ಒಳಗೆ ಕರೆದುಕೊಂಡಳು, ಮುದುಕಿಯನ್ನು ಮಕ್ಕಳು ಹೊತ್ತುಕೊಂಡೇ ಹೋದರು. ಮಾಚಣ್ಣ ಹೊನ್ನಾಜಿ ಎಲ್ಲರಿಗಿಂತ ಹಿಂದೆ ಉಳಿದರು.

"ಹುಬ್ಬಿನ ಬಗ್ಗೆ ಏನೋ ಅಂದ್ರಲ್ಲ, ನನಗೆ ಸರಿಯಾಗಿ ಕೇಳಿಸಲಿಲ್ಲ" ಅಂದಳು ಹೊನ್ನಾಜಿ.

ಮಾಚಣ್ಣ ಇನ್ನೊಮ್ಮೆ ಹೇಳಿದ. ದಾರಿಹೋಕರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ.

"ಸಾಕು ಸುಮ್ನಿರಿ, ಜನ ನೋಡ್ತಿದ್ದಾರೆ" ಅಂದಳು. ಹಾಗಂದವಳು ಕಾಲು ಬೀಸಿ ಹಾಕಿದಳೇ? ಇಲ್ಲ. ಮನೆ ಬೇಗ ಬಂದುಬಿಡದ ಹಾಗೆ ನಿಧಾನಕ್ಕೆ, ಬಲು ನಿಧಾನಕ್ಕೆ ನಡೆದಳು.

ಅವರು ನೂರು ವರ್ಷ ಜಗಳವಾಡಿಕೊಂಡು ಸುಖವಾಗಿದ್ದರು. ಕತೆ ಕೇಳಿದವರ ಮನೆಯಲ್ಲೂ ಅಷ್ಟೇ ಸುಖವಿರಲಿ.