ಬೆರಳಿಗೆ ಗೊತ್ತಾಗುತ್ತೆ

ನಂಬುವುದು, ಬಿಡುವುದು ನಿಮಗೆ ಸೇರಿದ್ದು, ನಡೆದದ್ದನ್ನಷ್ಟೇ ಹೇಳುತ್ತೇನೆ. ಆಗ ನಾನು ನರ್ಸಿಂಗ್ ಓದುತ್ತಿದ್ದೆ. ಅಂದು ಬೆಳಿಗ್ಗೆಯೇ ಅಮ್ಮನಿಗೆ ಫೋನ್ ಮಾಡಿ, “ಈ ಕೆಲಸ ನನ್ನ ಕೈಲಾಗಲ್ಲಮ್ಮ, ಬಂದ್ಬಿಡ್ತೀನಿ” ಅಂದಿದ್ದೆ.

ಮಧ್ಯಾಹ್ನ ವಾರ್ಡಿನಲ್ಲಿ ಒಬ್ಬ ಅಜ್ಜಿಗೆ ಡ್ರಿಪ್ ಹಾಕಬೇಕಿತ್ತು. ಚುಚ್ಚಿದಷ್ಟೂ ನರ ಜಾರುತ್ತಿತ್ತು. ಅಜ್ಜಿ ತುಟಿ ಕಚ್ಚಿ ಸಹಿಸಿಕೊಂಡರು. ಕಣ್ಣೀರು ಬಂದದ್ದು ನನಗೆ.

ಆಗ ಹಿಂದಿನಿಂದ ಯಾರೋ ನನ್ನ ಬೆರಳ ಮೇಲೆ ಬೆರಳಿಟ್ಟರು. ಕೊರೆಯುವಷ್ಟು ತಣ್ಣನೆಯ ಕೈ.

“ಕಣ್ಣಲ್ಲಿ ಹುಡುಕ್ಬೇಡ ಮಗಳೇ, ಬೆರಳಿಗೆ ಗೊತ್ತಾಗುತ್ತೆ.”

ಸೀನಿಯರ್ ಸಿಸ್ಟರ್ ಅಂದುಕೊಂಡೆ. ಸೂಜಿ ಸಲೀಸಾಗಿ ಇಳಿಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ; ಸಿಸ್ಟರ್ ವಾರ್ಡಿನ ಆ ತುದಿಯಿಂದ ಆಗಷ್ಟೇ ಬರುತ್ತಿದ್ದರು.

“ಆ ಇನ್ನೊಬ್ಬಳು ಊಟ ಮಾಡಿದ್ಲೋ ಇಲ್ವೋ ಪಾಪ, ಕೈ ಅಷ್ಟು ತಣ್ಣಗಿತ್ತು” ಅಂದರು ಅಜ್ಜಿ.

ಸಿಸ್ಟರ್ ಬಗ್ಗಿ ನೋಡಿದರು. ಸೂಜಿಯ ಮೇಲೆ ಟೇಪ್ ಅಂಟಿತ್ತು; ಕೀಳುವಾಗ ಚರ್ಮ ಎಳೆಯದಿರಲೆಂದು ಅದರ ತುದಿಯನ್ನು ಮಡಚಲಾಗಿತ್ತು.

“ಹೀಗೆ ಮಡಚೋದು ಯಾರು ಹೇಳ್ಕೊಟ್ರು ನಿಂಗೆ?”

ನಾನು ಜೇಬು ಮುಟ್ಟಿ ನೋಡಿಕೊಂಡೆ.

ನಾನು ಓದು ಬಿಡಲಿಲ್ಲ. ಇಂದಿಗೂ ಇದೇ ಕೆಲಸ, ಇದೇ ಅನ್ನ. ಆದರೆ ಆ ಟೇಪ್ ಅಂಟಿಸಿದ್ದು ನಾನಲ್ಲ. ನನ್ನ ಟೇಪಿನ ಸುರುಳಿ ಜೇಬಿನಲ್ಲೇ ಇತ್ತು. ಅದರ ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.