ಬೆನ್ನು ತಿರುಗಿಸಿದ ಹನ್ನೊಂದು ಸೆಕೆಂಡು

"ಈ ಮಾತನ್ನ ನಾನು ಹೇಳಲ್ಲ."

ಗಾಜಿನ ಆಚೆಯಿಂದ ಬಂದ ಆ ದನಿಗೆ ಅವಳ ಪೆನ್ಸಿಲ್ ಅಲ್ಲೇ ನಿಂತಿತು. ಈ ಡಬ್ಬಿಂಗ್ ಸ್ಟುಡಿಯೋದಲ್ಲಿ ನಾಲ್ಕು ವರ್ಷದಿಂದ ಸಂಭಾಷಣೆ ಬರೆಯುತ್ತಿದ್ದಳು. ಅವಳು ಬರೆದದ್ದನ್ನು ಹೇಳಲ್ಲ ಅಂದವರು ಯಾರೂ ಇರಲಿಲ್ಲ.

"ಯಾಕೆ?" ಮೈಕಿನ ಗುಂಡಿ ಒತ್ತಿ ಕೇಳಿದಳು.

"ಪರದೆ ನೋಡಿ. ಅಲ್ಲಿ ಅವನ ತುಟಿ ಮುಚ್ಚುತ್ತೆ. ನೀವು 'ಹಣ' ಅಂತ ಬರೆದಿದ್ದೀರಿ. ಹಣ ಅನ್ನೋಕೆ ತುಟಿ ಮುಚ್ಚಬೇಕಾ? ನೀವೇ ಅಂದು ನೋಡಿ."

ಅವಳು ಮೆಲ್ಲಗೆ ಅಂದು ನೋಡಿದಳು. ಹಣ... ತುಟಿ ಮುಚ್ಚಲಿಲ್ಲ!

"ಹಾಗಾದ್ರೆ 'ಸಂಪತ್ತು' ಅನ್ನಿ."

"ಲಾರಿ ಓಡಿಸೋನು ಸಂಪತ್ತು ಅಂತಾನಾ? 'ಕಾಸಪ್ಪಾ ಕಾಸು' ಅಂತಾನೆ. 'ಪ್ಪಾ'ದಲ್ಲಿ ತುಟಿ ಸರಿಯಾಗಿ ಕೂರುತ್ತೆ."

ಧ್ವನಿಯಂತ್ರದ ಮುಂದೆ ಕೂತಿದ್ದ ಸೌಂಡ್ ಅಣ್ಣ ಹೊಟ್ಟೆ ಕುಲುಕಿಸಿ ನಕ್ಕರು. "ಹೊಸಬ ಗೆದ್ದ ಕಣಮ್ಮಾ!"

ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟಿಗೋ, ಆ ದನಿಗೋ... ತಿಳಿಯಲಿಲ್ಲ.

ಅದು ಬೇರೆ ಭಾಷೆಯ ಹಾಸ್ಯ ಸಿನಿಮಾ. ಆಸ್ಪತ್ರೆಯಲ್ಲಿ ಕೂತ ಐದು ಜನ ಅಪರಿಚಿತರು. ಸ್ಟ್ರೆಚರ್ ಮೇಲೆ ಹೋಗುತ್ತಿದ್ದ ರೋಗಿಯೊಬ್ಬ ಜ್ವರದಲ್ಲಿ ಬಾಯಿಬಿಡುತ್ತಾನೆ: ಮುಚ್ಚಿಹೋದ ಶಾಲೆಯ ಗೋಡೆಯೊಳಗೆ ದುಡ್ಡಿನ ಪೆಟ್ಟಿಗೆ! ಐವರೂ ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ. ಅವರಲ್ಲಿ ಲಾರಿ ಚಾಲಕನಿಗೆ ಇವನ ಕಂಠ.

ನೋಡಿದವರೆಲ್ಲ ನಗುವ ಸಿನಿಮಾಕ್ಕೆ ಅವಳು ನಗದೇ ಮಾತು ಬರೆದಳು. ಎರಡು ವರ್ಷದ ಹಿಂದೆ, ಮದುವೆಯ ಪತ್ರಿಕೆ ಅಚ್ಚಾದ ಮೇಲೆ, ಜೇನಿನಂಥ ಮಾತಾಡುತ್ತಿದ್ದವನು ಒಂದೇ ಫೋನಿನಲ್ಲಿ ಎಲ್ಲ ಮುಗಿಸಿದ್ದ. ಯಾವ ಬಾಯಿಗೆ ಬೇಕಾದರೂ ಯಾವ ಮಾತನ್ನಾದರೂ ಕೂರಿಸಬಹುದು... ನಾನು ದಿನವೂ ಮಾಡುವುದು ಅದೇ ತಾನೇ?

ಆದರೂ ಮೂರು ವಾರದಲ್ಲಿ ಅವನು ಬರುವ ಹೊತ್ತಿಗೆ ಕಿವಿ ತಾನಾಗಿ ಬಾಗಿಲ ಕಡೆ ತಿರುಗತೊಡಗಿತು.

ಒಂದು ಸಂಜೆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಾ ಅವನೆಂದ, "ದೂರದ ಊರಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆ ಇದೆ. ಪಾಠ ಓದಿ ಧ್ವನಿಮುದ್ರಣ ಮಾಡಿಕೊಡೋ ಕೆಲಸ. ಸೋಮವಾರದೊಳಗೆ ಹೇಳಬೇಕು."

"ಹೋಗ್ತೀರಾ?"

"ಗೊತ್ತಿಲ್ಲ," ಎಂದು ಅವಳನ್ನೇ ನೋಡಿದ.

ಇರಿ ಅನ್ನು... ಒಂದೇ ಒಂದು ಮಾತು! ಗಂಟಲವರೆಗೆ ಬಂದದ್ದನ್ನು ಅವಳು ಚಹಾದ ಜೊತೆ ನುಂಗಿಕೊಂಡಳು.

ಮರುದಿನ ಉಳಿದದ್ದು ಒಂದೇ ದೃಶ್ಯ. ಚಾಲಕ ಒಡೆದ ಗೋಡೆಯ ಮುಂದೆ ನಿಂತಿದ್ದಾನೆ, ನಮಗೆ ಬೆನ್ನು. ಹನ್ನೊಂದು ಸೆಕೆಂಡು. ಬೆನ್ನು ಕಂಡರೆ ಡಬ್ಬಿಂಗಿನವರಿಗೆ ಹಬ್ಬ, ತುಟಿಯ ಹಂಗಿಲ್ಲ. ಅವಳು ಹಾಳೆಯಲ್ಲಿ 'ಬೆನ್ನು. ಏನಾದರೂ ಗೊಣಗಲಿ' ಎಂದಷ್ಟೇ ಬರೆದಿದ್ದಳು.

ಅವಳು ಹೊರಗೆ ಹೋಗಿದ್ದಾಗ ಅವನು ಗೊಣಗಿ ಮುಗಿಸಿದ್ದ. ಬಾಗಿಲಲ್ಲಿ ಎದುರಾದವನು, "ಆ ಬೆನ್ನಿನ ಶಾಟ್ ಕೇಳಿ. ಬೇಡ ಅನ್ನಿಸಿದ್ರೆ ತೆಗೆಸಿಬಿಡಿ. ನಾನೇನೂ ಅಂದ್ಕೊಳ್ಳಲ್ಲ," ಎಂದು ಬೇಗ ಬೇಗ ಹೇಳಿ ಹೋದ.

ಸಂಜೆಯೊಳಗೆ ಇನ್ನೂರು ಮಾತು ಕೇಳಿ ಮುಗಿಸಬೇಕಿತ್ತು. ಅದರ ನಡುವೆ ಇದೂ ಬಂತು.

"ಪೆಟ್ಟಿಗೆ ಯಾರಿಗಾದ್ರೂ ಸಿಗಲಿ. ನೀವು ಇರಿ ಅಂದ್ರೆ ಸಾಕು... ನಾನು ಇಲ್ಲೇ ಇರ್ತೀನಿ."

ಅವಳು ಹುಬ್ಬು ಗಂಟಿಕ್ಕಿದಳು. ಕೆಂಪು ಪೆನ್ಸಿಲಿನಲ್ಲಿ ಬರೆದಳು: 'ಚಾಲಕ ಯಾರಿಗೂ "ನೀವು" ಅನ್ನುವವನಲ್ಲ. ತೆಗೆಯಿರಿ.'

ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಒಂದು ಫೋನೂ ಇಲ್ಲ.

ನೋಡಿದೆಯಾ, ಇವನೂ ಅಷ್ಟೇ! ತನ್ನನ್ನೇ ಬೈದುಕೊಂಡಳು. ಬೈದಷ್ಟೂ ಕಿವಿ ಬಾಗಿಲ ಕಡೆಗೇ ತಿರುಗಿತು.

ಹತ್ತು ದಿನ ಕಳೆದು ಸಿನಿಮಾ ಸಿದ್ಧವಾಯಿತು. ಕಡೆಯ ಸಲ ನೋಡಲು ಇಬ್ಬರೇ ಕೂತಿದ್ದರು, ಅವಳು ಮತ್ತು ಸೌಂಡ್ ಅಣ್ಣ. ಬೆನ್ನಿನ ದೃಶ್ಯ ಬಂತು. ಈಗ ಅದರಲ್ಲಿ ಮಾತಿಲ್ಲ.

"ಹೇಳದೇ ಕೇಳದೇ ಹೊರಟೋದ್ರಲ್ಲಣ್ಣ," ಅಂದಳು, ದನಿ ಹಗುರವಿರಲೆಂದು ಕಷ್ಟಪಟ್ಟು.

"ಹೇಳಿದ್ನಲ್ಲಮ್ಮ. ನೀನೇ ತೆಗೆಸಿದ್ದು."

"ನಾನಾ? ಅದು ಚಾಲಕನ ಮಾತು!"

"ಚಾಲಕ ಯಾರಿಗೂ 'ನೀವು' ಅನ್ನಲ್ಲ ಅಂತ ನೀನೇ ಬರೆದೆ. ಹಾಗಾದ್ರೆ ಮಾತಾಡಿದ್ದು ಚಾಲಕ ಅಲ್ಲ, ಅಲ್ವಾ?" ಸೌಂಡ್ ಅಣ್ಣ ಕನ್ನಡಕ ತೆಗೆದರು. "ಅವತ್ತು ನೀನು ಹೋದ ಮೇಲೆ ಅವನು ಬಂದ. ನಿನ್ನ ಹಾಳೆ ಓದಿದ. ಮಡಚಿ ಮೇಜಿನ ಮೇಲಿಟ್ಟ. 'ಸರಿ ಅಣ್ಣ' ಅಂದ. ಅಷ್ಟೇ. ನಿಂಗೆ ಗೊತ್ತಿದ್ದೇ ಬರೆದೆ ಅಂದ್ಕೊಂಡೆನಮ್ಮ ನಾನು."

ಅಯ್ಯೋ... ಏನು ಮಾಡಿಬಿಟ್ಟೆ! ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಸೌಂಡ್ ಅಣ್ಣನಿಂದ ಶಾಲೆಯ ವಿಳಾಸ ಪಡೆದು ಮರುದಿನದ ಮೊದಲ ಬಸ್ಸು ಹತ್ತಿದಳು.

ಶಾಲೆಯ ಹಿಂಭಾಗದ ಪುಟ್ಟ ಕೋಣೆ. ಸದ್ದು ಮರುಕಳಿಸದಂತೆ ಗೋಡೆಗೆ ಹಳೆಯ ಕಂಬಳಿ ಹೊದಿಸಿದ್ದರು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಆರುವ ತನಕ ಒಳಗೆ ಹೋಗುವಂತಿಲ್ಲವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬಾಗಿಲ ಗಾಜಿನಾಚೆ ಅವನು ಭೂಗೋಳ ಓದುತ್ತಿದ್ದ.

"ನದಿಯು ಬೆಟ್ಟದಲ್ಲಿ ಹುಟ್ಟಿ..." ತಲೆ ಎತ್ತಿದ. "ಬೆಟ್ಟದಲ್ಲಿ ಹುಟ್ಟಿ... ಹುಟ್ಟಿ..."

ದೀಪ ಆರಿತು.

"ನೀವಾ? ಇಲ್ಲಿ?"

ಮೂರು ಗಂಟೆ ಜೋಡಿಸಿಕೊಂಡು ಬಂದ ಮಾತೆಲ್ಲ ಬಸ್ಸಿನಲ್ಲೇ ಉಳಿದುಹೋಗಿತ್ತು. "ನಾನು ತೆಗೆಸಿದ್ದು ಚಾಲಕನ ಮಾತನ್ನ... ನಿಮ್ಮದನ್ನಲ್ಲ."

ಅವನು ಪುಸ್ತಕ ಮುಚ್ಚಿದ. "ಏನೂ ಅಂದ್ಕೊಳ್ಳಲ್ಲ ಅಂದಿದ್ದೆನಲ್ಲ, ಸುಳ್ಳು. ತುಂಬಾ ಅಂದ್ಕೊಂಡೆ."

"ಒಂದು ಫೋನ್ ಮಾಡಿ ಕೇಳಬಾರದಿತ್ತಾ?"

"ಇನ್ನೊಂದ್ಸಲ ಬೇಡ ಅನ್ನಿಸಿಕೊಳ್ಳೋ ಧೈರ್ಯ ಇರಲಿಲ್ಲ."

"ನಂಗೆ ಮಾತಿನ ಮೇಲೆ ನಂಬಿಕೆ ಇಲ್ಲ ಕಣ್ರೀ. ಒಬ್ಬ ಚೆಂದ ಚೆಂದ ಮಾತಾಡಿ ಬಿಟ್ಟುಹೋದ. ಅದಕ್ಕೇ ಅವತ್ತು ಇರಿ ಅನ್ನಲಿಲ್ಲ. ಅನ್ನಬೇಕಿತ್ತು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಂಗೆ ನೀವು ಬೇಕು. ವಾಪಸ್ ಬನ್ನಿ."

ಅವನ ಕಣ್ಣು ತುಂಬಿತು. ಆದರೂ ಅಡ್ಡಡ್ಡ ತಲೆಯಾಡಿಸಿದ. "ಈಗಲೇ ಆಗಲ್ಲ. ಪರೀಕ್ಷೆಗೆ ಮುಂಚೆ ಪುಸ್ತಕ ಮುಗಿಸಿಕೊಡ್ತೀನಿ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೀನಿ."

ಮಾತು ಕೊಟ್ಟಿದ್ದಾನೆ. ಅದಕ್ಕಾಗಿ ನನ್ನನ್ನೂ ಕಾಯಿಸುತ್ತಾನೆ! ಎರಡು ವರ್ಷದಿಂದ ಬಿಗಿದುಕೊಂಡಿದ್ದ ಏನೋ ಒಂದು ಅವಳೊಳಗೆ ಸದ್ದಿಲ್ಲದೆ ಸಡಿಲವಾಯಿತು.

"ಇವತ್ತಿಗೆ ಎಷ್ಟು ಪಾಠ ಉಳಿದಿದೆ?"

"ನಾಲ್ಕು."

ಅವಳು ಮೂಲೆಯ ಸ್ಟೂಲು ಎಳೆದುಕೊಂಡಳು. "ಓದಿ. ಇಲ್ಲೇ ಕೂತಿರ್ತೀನಿ."

"ಉಸಿರಿನ ಸದ್ದೂ ಬರಬಾರದು."

"ಗೊತ್ತು."

"ಅಳೋ ಸದ್ದೂ..."

"ಮೊದಲು ನೀವು ಕಣ್ಣೊರೆಸ್ಕೊಳ್ಳಿ," ಎಂದು ಅವಳು ತನ್ನ ಕರವಸ್ತ್ರ ಚಾಚಿದಳು. "ಅಕ್ಷರ ಕಾಣಬೇಕಲ್ಲ."