ಅಲೆಯಿಲ್ಲದ ನೀರು

"ನನ್ನ ತಂಗಿಯನ್ನ ಕೊಲ್ಬೇಕು ಅಂತಿದ್ರಾ ನೀವು?"

ಯಂತ್ರದ ಕೋಣೆಯ ಕಬ್ಬಿಣದ ಬಾಗಿಲು ಗೋಡೆಗೆ ಬಡಿಯಿತು. ಹೊಸ್ತಿಲಲ್ಲಿ ನಿಂತಿದ್ದಳು ಡೈವಿಂಗ್ ಕೋಚ್. ಮೈಯೆಲ್ಲ ಒದ್ದೆ. ಹಾಕಿಕೊಂಡ ಬಟ್ಟೆಯಲ್ಲೇ ಕೊಳಕ್ಕೆ ಹಾರಿ ತಂಗಿಯನ್ನು ದಡಕ್ಕೆ ಎಳೆದು ತಂದು, ವೈದ್ಯರ ಕೈಗೊಪ್ಪಿಸಿ, ನೇರ ಇಲ್ಲಿಗೇ ನುಗ್ಗಿದ್ದಳು.

ಪಂಪುಗಳ ನಡುವೆ ಇದ್ದವನು ಈಜುಕೊಳದ ನೀರಿನ ಹೊಣೆ ಹೊತ್ತ ಎಂಜಿನಿಯರ್. ಎಲ್ಲರೂ ಪ್ರೀತಿಯಿಂದ ಕರೆಯುವುದು ನೀರಪ್ಪ ಎಂದು.

"ಪುಟ್ಟಿ ಹೇಗಿದ್ದಾಳೆ?" ಅವನು ಮೊದಲು ಕೇಳಿದ್ದು ಅದನ್ನೇ.

"ಬೆನ್ನೆಲ್ಲ ಕೆಂಪಾಗಿದೆ. ಮೂಳೆ ಮುರಿಯದೇ ಇದ್ದಿದ್ದು ನಮ್ಮ ಪುಣ್ಯ. ಸ್ಪ್ರೇ ಯಾಕೆ ನಿಂತಿತ್ತು, ಅದನ್ನ ಹೇಳಿ."

ಡೈವಿಂಗ್ ಕೊಳದ ನೀರನ್ನು ಸುಮ್ಮನಿರಲು ಬಿಡುವಂತಿಲ್ಲ. ಅಂಚಿನಿಂದ ನೀರು ಚಿಮ್ಮಿಸಿ ಮೇಲ್ಮೈಯಲ್ಲಿ ಸಣ್ಣ ಅಲೆ ಏಳಿಸುತ್ತಲೇ ಇರಬೇಕು. ಇಲ್ಲದಿದ್ದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಬರುವವರಿಗೆ ನೀರು ಎಲ್ಲಿದೆ ಎಂದೇ ಕಾಣುವುದಿಲ್ಲ. ಪುಟ್ಟಿಗೂ ಕಂಡಿರಲಿಲ್ಲ. ಬೆನ್ನು ಅಡಿಯಾಗಿ ಬಿದ್ದಿದ್ದಳು.

ಅವನು ಕೈ ಒರೆಸಿಕೊಂಡ. ಸ್ಪ್ರೇಗೆ ನೀರು ಬಿಡುವ ವಾಲ್ವಿನ ಕಡೆ ನೋಡಿದ.

"ವಾಲ್ವ್ ನನ್ನ ಸುಪರ್ದಿ. ತಪ್ಪು ನಂದೇ."

"ಅಷ್ಟೇನಾ?"

"ಅಷ್ಟೇ."

ಅವಳಿಗೆ ಮೈ ಉರಿದುಹೋಯಿತು. ಜಗಳಕ್ಕೆ ಬಂದವಳಿಗೆ ಎದುರು ಮಾತೇ ಸಿಗದಿದ್ದರೆ ಸಿಟ್ಟು ಎಲ್ಲಿಗೆ ಹೋಗಬೇಕು?

ಅದು ಬರೀ ಕೋಚ್ ಒಬ್ಬಳ ಸಿಟ್ಟೂ ಆಗಿರಲಿಲ್ಲ. ಅಂತರರಾಷ್ಟ್ರೀಯ ಜಲಕ್ರೀಡಾ ಕೂಟ ತಮ್ಮ ಊರಿಗೆ ಎಂದು ಖಚಿತವಾಗಿ, ಈ ಕೊಳ ತಯಾರಾದ ದಿನದಿಂದ ಇಬ್ಬರೂ ಬೆಳಗಿನ ಅಭ್ಯಾಸಕ್ಕೆ ಮುಂಚೆ ಅವಳ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕುಡಿಯುತ್ತಿದ್ದರು. ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಕೊನೆಯ ಗುಟುಕನ್ನು ಮಾತ್ರ ಯಾವಾಗಲೂ ಅವಳಿಗೇ ಬಿಡುತ್ತಿದ್ದ. ಆ ಗುಟುಕಿಗಾಗಿಯೇ ಅವಳು ಬೇಗ ಏಳತೊಡಗಿದ್ದಳು. ಈಗ ಅದೂ ನೆನಪಾಗಿ ತನ್ನ ಮೇಲೇ ಅಸಹ್ಯವಾಯಿತು.

ಅಂದೇ ಸಂಘಟನಾ ಸಮಿತಿಗೆ ದೂರು ಕೊಟ್ಟಳು. "ಇವರು ಈ ಕೊಳದ ಹತ್ತಿರ ಇದ್ರೆ ನನ್ನ ಹುಡುಗಿಯರು ಡೈವಿಂಗ್ ಕಟ್ಟೆಯ ಮೆಟ್ಟಿಲು ಹತ್ತಲ್ಲ."

"ಇಷ್ಟೊಂದು ದೇಶದೋರು ಬರೋ ಹೊತ್ತಲ್ಲಿ ನಮ್ಮ ಮಾನ ಹರಾಜಾಗ್ಬಾರದು," ಎಂದರು ಕಾರ್ಯದರ್ಶಿ. ಅವನನ್ನು ಕೊಳದಿಂದ ತೆಗೆದು ಬಾವುಟ ಕಟ್ಟುವ ಕೆಲಸಕ್ಕೆ ಹಾಕಿದರು.

ತಂಡಗಳು ಬಂದಿಳಿದವು. ಬಟ್ಟೆ ಬದಲಿಸುವ ಕೋಣೆಗಳಲ್ಲಿ ಅರ್ಥವಾಗದ ಭಾಷೆಗಳ ನಗು ತುಂಬಿತು. ಅವನು ಹೆಗಲ ಮೇಲೆ ಬಾವುಟಗಳ ಗಂಟು ಹೊತ್ತು ಎದುರಾದಾಗಲೆಲ್ಲ ಅವಳು ಮುಖ ತಿರುಗಿಸಿದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

'ಒಂದು ಮಾತು ಬೈಯಬಾರದಾ ಈ ಮನುಷ್ಯ?'

ಕೂಟ ಆರಂಭವಾಗುವ ಮುನ್ನಾದಿನ. ಪುಟ್ಟಿಯ ಬೆನ್ನು ಸರಿಹೋಗಿತ್ತು, ವೈದ್ಯರೂ ಹೂಂ ಅಂದಿದ್ದರು. ಆದರೂ ಹುಡುಗಿ ಮೇಲೆ ಹತ್ತಲೊಲ್ಲಳು. ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

"ಭಯಾನಾ?" ಅಕ್ಕ ಕೇಳಿದಳು.

"ನೀರಿನ ಭಯ ಅಲ್ಲ ಅಕ್ಕ... ನಿನ್ನದು." ಪುಟ್ಟಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. "ಸ್ಪ್ರೇ ನಿಲ್ಲಿಸಿದ್ದು ನಾನು."

"ಏನು?"

"ಕನ್ನಡಿ ಥರ ನಿಂತ ನೀರಲ್ಲಿ ನನ್ನ ಬಿಂಬ ಕಾಣೋ ಹಾಗೆ ಫೋಟೋ ಬೇಕಿತ್ತು. ಅವರನ್ನ ಕೇಳ್ದೆ, ಆಗಲ್ಲ ಅಂದ್ರು. ಅವರು ಫಿಲ್ಟರ್ ನೋಡೋಕೆ ಆ ಕಡೆ ಹೋದಾಗ ನಾನೇ ವಾಲ್ವ್ ತಿರುಗಿಸ್ದೆ. ಫೋಟೋ ತೆಗೆಸ್ಕೊಂಡೆ. ನೀನು ಬಂದು ಹತ್ತು ಅಂದೆ, ಗಡಿಬಿಡೀಲಿ ಮರೆತೇಹೋಯ್ತು. ದಡಕ್ಕೆ ತಂದು ನೀನು ವೈದ್ಯರನ್ನ ಕರೆಯೋಕೆ ಹೋದಾಗ ಸ್ನೇಹಿತೆ ಕೈಲಿ ಅವರಿಗೆ ಹೇಳಿಕಳಿಸ್ದೆ, ಅಕ್ಕನಿಗೆ ಹೇಳ್ಬೇಡಿ ಅಂತ. ನಿನಗೆ ಗೊತ್ತಾದ್ರೆ ಕೂಟದಿಂದ ನನ್ನ ಹೆಸರು ತೆಗೆಸ್ತಿದ್ದೆ ತಾನೇ?"

ತೆಗೆಸುತ್ತಿದ್ದಳು. ಅದರಲ್ಲಿ ಅವಳಿಗೇ ಅನುಮಾನವಿರಲಿಲ್ಲ.

ತಂಗಿಯ ಮೇಲೆ ಸಿಟ್ಟು ಬಂತು. ತನ್ನ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಅವನ ಮೇಲೆ ಬಂತು. "ನಿನ್ನ ವಿಚಾರ ಆಮೇಲೆ," ಎಂದು ಹೊರಟಳು.

ಅವನು ಕ್ರೀಡಾಂಗಣದ ಪಡಸಾಲೆಯಲ್ಲಿ ಏಣಿಯ ಮೇಲಿದ್ದ. ಯಾವುದೋ ದೇಶದ ಬಾವುಟ ತಲೆಕೆಳಗಾಗಿದೆಯೇ ಎಂದು ನೋಡುತ್ತಿದ್ದ.

"ಇಳೀರಿ ಕೆಳಗೆ."

ಇಳಿದ.

"ಯಾಕೆ ಹೇಳಲಿಲ್ಲ? ನಾನು ಅಷ್ಟು ಬೈದೆ, ಕೆಲಸ ಕಿತ್ತುಕೊಂಡೆ. ಸುಮ್ನೆ ಇದ್ರಲ್ಲ?"

"ಯಂತ್ರದ ಕೋಣೆ ಬಾಗಿಲು ತೆರೆದಿಟ್ಟು ಹೋದೋನು ನಾನೇ. ಹೋಗ್ಲಿ ಬಿಡಿ."

"ಬಿಡಲ್ಲ. ನೀವು ಅವತ್ತಿನ ಆ ನೀರಿದ್ದ ಹಾಗೆ. ಒಂದು ಅಲೆ ಇಲ್ಲ. ಎಲ್ಲಿದ್ದೀರಿ ಅಂತಾನೇ ಕಾಣಲ್ಲ. ನಾನೂ ಬಿದ್ದು ಪೆಟ್ಟು ತಿನ್ಬೇಕಾ?"

ಅವನ ಕೈಯಲ್ಲಿದ್ದ ಹಗ್ಗ ನೆಲಕ್ಕೆ ಬಿತ್ತು.

"ಕೋಪ ಬರ್ಬೇಕಾ ನನಗೆ? ಬಂದಿದೆ. ಹೊಟ್ಟೆ ತುಂಬ ಇದೆ." ಅವನ ದನಿ ಪಡಸಾಲೆಯ ತುದಿಗೂ ಕೇಳಿಸಿತು. "ಕೆಲಸ ಹೋಗಿದ್ದಕ್ಕಲ್ಲ. ದಿನಾ ಜೊತೇಲಿ ಕೂತು ಕಾಫಿ ಕುಡಿದೋರು ನೀವು. ಈ ಮನುಷ್ಯ ಹೀಗೆ ಮಾಡ್ತಾನಾ ಅಂತ ಒಂದು ಸಲ ಅನ್ನಿಸ್ಲಿಲ್ವಾ ನಿಮಗೆ? ಆ ಮಗುಗೆ ಮಾತು ಕೊಟ್ಟಿದ್ದೆ, ಸರಿ. ಆದ್ರೆ ನೀವು ತಿರುಗಿ ಬಂದು ಇನ್ನೊಂದು ಸಲ ಕೇಳ್ತೀರಿ ಅಂತ ದಿನಾ ಕಾದೆ. ನಿಮ್ಮನ್ನ ಇಷ್ಟಪಟ್ಟ ತಪ್ಪಿಗೆ ಬಾವುಟ ಕಟ್ತಾ ಕಾದೆ."

ಬಾವುಟ ಹೊತ್ತು ಬರುತ್ತಿದ್ದವರಿಬ್ಬರು ಅಲ್ಲೇ ನಿಂತರು.

ಅವಳ ಕಣ್ಣು ತುಂಬಿತ್ತು. ಆದರೂ ತುಟಿಯಂಚಿನಲ್ಲಿ ಬಂದ ನಗುವನ್ನು ತಡೆಯಲಾಗಲಿಲ್ಲ.

"ನಗ್ತಿದ್ದೀರಾ?"

"ಈಗ ಕಾಣಿಸಿದ್ರಿ," ಎಂದಳು. "ಅನ್ನಿಸ್ಬೇಕಿತ್ತು ನನಗೆ. ತಪ್ಪು ಮಾಡ್ದೆ. ಈಗಲೇ ಸಮಿತಿ ಮುಂದೆ ಎಲ್ಲಾ ಹೇಳ್ತೀನಿ. ನಾಳೆ ಆ ನೀರು ನಿಮ್ಮ ಕೈಲೇ ಇರ್ಬೇಕು."

"ಪುಟ್ಟಿ?"

"ಹಾರ್ತಾಳೆ. ನನಗೆ ಹೆದರಿ ಅವಳು ನಿಜ ಮುಚ್ಚಿಡೋ ಹಾಗೆ ಮಾಡಿದೋಳು ನಾನು. ಬೈಗುಳ ಬಾಕಿ ಇದೆ ಅಷ್ಟೇ, ಕೂಟ ಮುಗಿದ ಮೇಲೆ."

ಅವನು ಹಗ್ಗ ಎತ್ತಿಕೊಂಡ. ಹಗ್ಗವಿದ್ದ ಆ ಕೈಯನ್ನೇ ಅವಳು ಹಿಡಿದಳು.

"ಬೆಳಿಗ್ಗೆ ಕಾಫಿ ತರ್ತೀನಿ."

"ನನ್ನ ಕೋಪ ಇನ್ನೂ ಇಳಿದಿಲ್ಲ."

"ಇಳಿಸ್ಬೇಡ," ಎಂದಳು ಅವಳು, ಮೊದಲ ಸಲ ಏಕವಚನದಲ್ಲಿ. "ಕೊನೇ ಗುಟುಕು ನಿನಗೆ."